ಮುಂದಿನ ಟೈರ್ ಸಿಡಿದರೂ ನೇರ ಹೋದ ನನ್ನ ಡಿಎಸ್

ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿದ್ದೆ. ಮುಂದಿನ ಎಡಗಡೆ ಟೈರ್ ಸಿಡಿಯಿತು. ಸದ್ದು ಕೇಳಿದ ಕೂಡಲೇ ಕೈಗಳು ತಾವಾಗಿಯೇ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದವು. ಸಾಮಾನ್ಯವಾಗಿ ಮುಂದಿನ ಟೈರ್ ಹೋದರೆ ಸ್ಟೀರಿಂಗ್ ಆ ಕಡೆಗೇ ಜಗ್ಗುತ್ತದೆ. ಆ ಜಗ್ಗಾಟಕ್ಕೆ ಕಾಯುತ್ತಿದ್ದೆ. ಅದು ಬರಲೇ ಇಲ್ಲ. ರಬ್ಬರ್ ಪಟಪಟ ಬಡಿಯುವ ಸದ್ದು, ಸ್ವಲ್ಪ ನಡುಕ, ಅಷ್ಟೇ. ಬ್ರೇಕ್ ಮುಟ್ಟದೆ ಆಕ್ಸಿಲರೇಟರ್ ಬಿಟ್ಟೆ. ಕಾರು ತನ್ನ ಪಾಡಿಗೆ ನೇರವಾಗಿ ಹೋಗಿ ನಿಧಾನವಾಯಿತು. ಪಕ್ಕಕ್ಕೆ ತಂದು ನಿಲ್ಲಿಸಿದೆ.

ನನ್ನದು 1970ರ ಸಿಟ್ರೊಯೆನ್ ಡಿಎಸ್ 21. ಡಿಎಸ್ ಮೊದಲು ಬಂದದ್ದು 1955ರ ಪ್ಯಾರಿಸ್ ಮೋಟಾರು ಪ್ರದರ್ಶನದಲ್ಲಿ. ಇದನ್ನು ಕೊಂಡಾಗ ಅದರ ರೂಪಕ್ಕೆ ಮರುಳಾಗಿದ್ದೆ, ನಿಜ. ಆದರೆ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದ ಮೇಲೆ ನನ್ನ ಮನಸ್ಸು ಗೆದ್ದದ್ದು ಅದರ ಮುಂದಿನ ಚಕ್ರ.

ಚಕ್ರ ಎಡಕ್ಕೂ ಬಲಕ್ಕೂ ತಿರುಗುವುದು ಒಂದು ಕಾಣದ ಗೂಟದ ಸುತ್ತ ಅಂದುಕೊಳ್ಳಿ. ಸುಮಾರು ಕಾರುಗಳಲ್ಲಿ ಆ ಗೂಟ ನೆಲ ಮುಟ್ಟುವ ಜಾಗಕ್ಕೂ ಟೈರಿನ ನಡುಗೆರೆಗೂ ಸ್ವಲ್ಪ ಅಂತರ ಇರುತ್ತದೆ. ಟೈರ್ ಸಿಡಿದಾಗ ನೆಲ ಅದನ್ನು ಹಿಂದಕ್ಕೆ ಬಲವಾಗಿ ಎಳೆಯುತ್ತದೆ. ಆಗ ಈ ಅಂತರವೇ ಸನ್ನೆಕೋಲಿನ ಕೆಲಸ ಮಾಡಿ ಚಕ್ರವನ್ನು ತಿರುಗಿಸಿಬಿಡುತ್ತದೆ. ಡಿಎಸ್‌ನಲ್ಲಿ ಗೂಟ ಚಕ್ರದ ನಟ್ಟನಡುವೆಯೇ ಇದೆ. ಬಾಗಿಲನ್ನು ಹಿಡಿಕೆ ಹತ್ತಿರ ತಳ್ಳಿದರೆ ಸಲೀಸಾಗಿ ತಿರುಗುತ್ತದೆ, ಕೀಲಿನ ಮೇಲೇ ತಳ್ಳಿದರೆ ಅಲುಗಾಡುವುದೇ ಇಲ್ಲ ಅಲ್ವಾ? ಹಾಗೆ.

ಚಕ್ರದ ಒಳಗೆ ಅಷ್ಟು ಜಾಗ ಸಿಕ್ಕಿದ್ದು ಹೇಗೆ ಅನ್ನುವುದು ನನಗೆ ಇನ್ನೂ ಇಷ್ಟವಾದ ವಿಷಯ. ಮುಂದಿನ ಡಿಸ್ಕ್ ಬ್ರೇಕುಗಳನ್ನು ಚಕ್ರದಿಂದ ಎತ್ತಿ ಗೇರ್‌ಬಾಕ್ಸ್ ಪಕ್ಕಕ್ಕೆ ಇಟ್ಟಿದ್ದಾರೆ. ಹಬ್, ಅಂದರೆ ಚಕ್ರದ ನಡುಭಾಗ, ಖಾಲಿಯಾಯಿತು. ಆ ಖಾಲಿ ಜಾಗಕ್ಕೆ ಮೇಲಿನ, ಕೆಳಗಿನ ಬಾಲ್ ಜಾಯಿಂಟುಗಳು, ಅಂದರೆ ಚಕ್ರ ತಿರುಗುವ ಗುಂಡು ಕೀಲುಗಳು, ಹೋಗಿ ಕೂತವು. ಆ ಎರಡನ್ನೂ ಸೇರಿಸುವ ಗೆರೆಯೇ ನಾನು ಹೇಳಿದ ಗೂಟ. ಮೊದಲ ಸಲ ಹಬ್ ಬಿಚ್ಚಿದಾಗ ಸುಮಾರು ಹೊತ್ತು ಸುಮ್ನೆ ನೋಡುತ್ತಾ ಕೂತಿದ್ದೆ.

ಕಾರು ನೇರ ಹೋಗಲು ಇನ್ನೂ ಕಾರಣಗಳಿವೆ. ತೂಕದಲ್ಲಿ ಹೆಚ್ಚಿನ ಪಾಲು ಮುಂದಿದೆ, ಎಳೆಯುವುದೂ ಮುಂದಿನ ಚಕ್ರಗಳೇ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 3 ಮೀಟರಿಗೂ ಜಾಸ್ತಿ ದೂರ. ಮುಂದಿನ ಎರಡು ಚಕ್ರಗಳ ನಡುವಿನ ಅಗಲ ಹಿಂದಿನದಕ್ಕಿಂತ ಸುಮಾರು 20 ಸೆಂಟಿಮೀಟರ್ ಹೆಚ್ಚು. ಬಾಣಕ್ಕೆ ಮೊನೆ ಭಾರ ಇದ್ದ ಹಾಗೆ.

1962ರ ಆಗಸ್ಟ್ 22ರಂದು ಪ್ಯಾರಿಸ್ ಹತ್ತಿರದ ಪೆಟಿ ಕ್ಲಾಮಾರ್‌ನಲ್ಲಿ ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ ಅವರ ಡಿಎಸ್ ಮೇಲೆ ಗುಂಡಿನ ಮಳೆ ಸುರಿಯಿತು. ಟೈರುಗಳು ಹರಿದವು. ಚಾಲಕ ಫ್ರಾನ್ಸಿಸ್ ಮಾರೂ ಕಾರನ್ನು ನಿಲ್ಲಿಸದೆ ಓಡಿಸಿ ಎಲ್ಲರನ್ನೂ ಪಾರು ಮಾಡಿದರು. ಮೊದಲು ಓದಿದಾಗ ಅದು ಪೂರ್ತಿ ಚಾಲಕನ ಧೈರ್ಯದ ಕಥೆ ಅಂದುಕೊಂಡಿದ್ದೆ. ಧೈರ್ಯವಂತೂ ಹೌದು. ಜೊತೆಗೆ ಅವರ ಕೈಯಲ್ಲಿದ್ದ ಸ್ಟೀರಿಂಗ್ ಜಗ್ಗಾಡುವಂಥದ್ದಲ್ಲ ಅನ್ನುವುದು ಈಗ ನನಗೆ ಗೊತ್ತು.

ಆದರೆ ಈ ಗುಣ ಉಳಿಯಬೇಕಾದರೆ ಕಾರನ್ನು ನೋಡಿಕೊಳ್ಳಬೇಕು. ಬಾಲ್ ಜಾಯಿಂಟ್ ಸವೆದರೆ ಆ ಲೆಕ್ಕಾಚಾರವೇ ಕೆಡುತ್ತದೆ. ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸುತ್ತೇನೆ. ಚೂರು ಸಡಿಲ ಅನ್ನಿಸಿದರೂ ಬಿಚ್ಚಿ ನೋಡುತ್ತೇನೆ.

ಬ್ರೇಕ್ ವಿಷಯ ಬೇರೆ. ಇದರಲ್ಲಿ ಪೆಡಲ್ ಇಲ್ಲ, ನೆಲದಲ್ಲಿ ಅಣಬೆಯಂಥ ರಬ್ಬರ್ ಗುಂಡಿ. ಅದು ಕೆಳಗೆ ಹೋಗುವುದು ತೀರಾ ಸ್ವಲ್ಪ. ಪಾದದ ಒತ್ತಡ ಜಾಸ್ತಿಯಾದಷ್ಟೂ ಬ್ರೇಕ್ ಬಿಗಿಯಾಗುತ್ತದೆ. ಹಿಂದೆ ಭಾರ ಹೇರಿದರೆ ಹಿಂದಿನ ಬ್ರೇಕಿಗೆ ಪಾಲು ತಾನೇ ಹೆಚ್ಚುತ್ತದೆ. ಸಸ್ಪೆನ್ಷನ್, ಸ್ಟೀರಿಂಗ್, ಬ್ರೇಕ್ ಎಲ್ಲಕ್ಕೂ ಒಂದೇ ಪಂಪ್ ಕೊಡುವ ಎಣ್ಣೆಯ ಒತ್ತಡ. ಹಾಗಾದರೆ ಪಂಪ್ ನಿಂತರೆ ಗತಿ ಏನು? ಅದಕ್ಕೆಂದೇ ಬ್ರೇಕಿಗೆ ಬೇರೆ ಅಕ್ಯುಮುಲೇಟರ್, ಅಂದರೆ ಒತ್ತಡ ಕೂಡಿಡುವ ಗೋಲ, ಇದೆ. ಉಕ್ಕಿನ ಗೋಲದೊಳಗೆ ಒಂದು ಪೊರೆ, ಅದರ ಒಂದು ಕಡೆ ನೈಟ್ರೋಜನ್, ಇನ್ನೊಂದು ಕಡೆ ಎಣ್ಣೆ. ಇಂಜಿನ್ ಆರಿಸಿ ಗುಂಡಿಯನ್ನು ಒತ್ತುತ್ತಾ ಎಣಿಸುತ್ತೇನೆ, ಒತ್ತಡ ಇಳಿಯಿತು ಅನ್ನುವ ಕೆಂಪು ದೀಪ ಹೊತ್ತುವವರೆಗೆ. ಕಾರು ನನ್ನ ಕೈಗೆ ಬಂದಾಗ ಮೂರನೇ ಒತ್ತಿಗೇ ದೀಪ ಹೊತ್ತಿತ್ತು. ಅಂದರೆ ಇಂಜಿನ್ ನಿಂತರೆ ಬ್ರೇಕ್ ಹೆಚ್ಚು ಹೊತ್ತು ಉಳಿಯುವಂತಿರಲಿಲ್ಲ. ಗೋಲ ಬದಲಿಸಿದ ಮೇಲೆ ಎಣಿಸಿ ಎಣಿಸಿ ನನ್ನ ಕಾಲೇ ಸೋತಿತು.

ಎಣ್ಣೆಯ ಬಗ್ಗೆ ಒಂದು ಮಾತು. ನನ್ನ ಕಾರಿನದು ಹಸಿರು ಬಣ್ಣದ ಖನಿಜ ಎಣ್ಣೆ, ಹೆಸರು ಎಲ್‌ಎಚ್‌ಎಂ. ಮೊದಲ ವರ್ಷಗಳ ಡಿಎಸ್‌ಗಳಲ್ಲಿ ಬೇರೆ ಎಣ್ಣೆ ಇತ್ತು, ಅವುಗಳ ರಬ್ಬರ್ ಸೀಲುಗಳೂ ಬೇರೆ. ಹಸಿರು ಎಣ್ಣೆಯ ಕಾರಿಗೆ ಅಂಗಡಿಯ ಮಾಮೂಲಿ ಬ್ರೇಕ್ ಎಣ್ಣೆ ಸುರಿದರೆ ಸೀಲುಗಳು ಹಾಳಾಗುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ.

ಆ ದಿನದ ಕಥೆಗೆ ಬರುತ್ತೇನೆ. ಸ್ಟೆಪ್ನಿ ಇರುವುದು ಬಾನೆಟ್ ಕೆಳಗೆ, ರೇಡಿಯೇಟರಿನ ಮುಂದೆ. ಇಂಜಿನ್ ಚಾಲೂ ಇಟ್ಟು, ಕಾರಿನ ಎತ್ತರ ಬದಲಿಸುವ ಲಿವರನ್ನು ಪೂರ್ತಿ ಮೇಲಕ್ಕೆ ತಂದೆ. ಕಾರು ಮೆಲ್ಲಗೆ ಎದ್ದು ನಿಂತಿತು. ಪಕ್ಕದಲ್ಲಿ ಸ್ಟ್ಯಾಂಡ್ ಕೊಟ್ಟು ಲಿವರನ್ನು ಪೂರ್ತಿ ಕೆಳಕ್ಕೆ ತಂದೆ. ಈಗ ಕಾರು ಸ್ಟ್ಯಾಂಡ್ ಮೇಲೆ ಕೂತು ಚಕ್ರವನ್ನು ತಾನೇ ನೆಲದಿಂದ ಎತ್ತಿಕೊಂಡಿತು. ಐದು ಬೋಲ್ಟ್ ಬಿಚ್ಚಿ ಚಕ್ರ ಹೊರತೆಗೆದೆ. ಟೈರಿನ ಒಳಗೋಡೆಯಲ್ಲಿ, ಅಂದರೆ ಕಾರಿನ ಕಡೆಗಿರುವ ಬದಿಯಲ್ಲಿ, ಉದ್ದಕ್ಕೂ ಬಿರುಕು. ಹೊರಗಿನ ಗೋಡೆ ಹೊಸದರಂತೆ ಹೊಳೆಯುತ್ತಿತ್ತು. ನಾನು ಯಾವಾಗಲೂ ನೋಡುತ್ತಿದ್ದದ್ದು ಆ ಹೊರಗಿನ ಗೋಡೆಯನ್ನಷ್ಟೇ. ಈಗ ವರ್ಷಕ್ಕೆ ಎರಡು ಸಲ ನಾಲ್ಕೂ ಚಕ್ರ ಬಿಚ್ಚಿ, ಟಾರ್ಚ್ ಹಿಡಿದು ಒಳಗೋಡೆ ನೋಡುತ್ತೇನೆ.