ಕಾಂಟಿಗ್‌ಗಳಿಗೆ ನಾನು ಹೆಸರಿಡುವ ಬಗೆ

ಮೊಸರು, ಹುದುಗಿದ ಹಿಟ್ಟುಗಳಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾಗಳ ಜೀನೋಮ್ ಜೋಡಿಸುವುದು ನನ್ನ ಕೆಲಸ. ಸ್ಪೇಡ್ಸ್ ತಂತ್ರಾಂಶ ಡಿಎನ್‌ಎ ತುಣುಕುಗಳನ್ನು ಬೆಸೆದು ಕಾಂಟಿಗ್, ಅಂದರೆ ಉದ್ದನೆಯ ಅಖಂಡ ಅನುಕ್ರಮ, ಕೊಡುವಾಗ ಹೆಸರನ್ನೂ ತಾನೇ ಇಟ್ಟುಬಿಡುತ್ತದೆ: ‘ನೋಡ್_1_ಲೆಂತ್_237403_ಕವ್_243.207000’. ಕ್ರಮಸಂಖ್ಯೆ, ಉದ್ದ, ಕವರೇಜ್ (ಅದರ ಭಾಗಗಳು ಸರಾಸರಿ ಎಷ್ಟು ಸಲ ಸಿಕ್ಕಿವೆ ಎಂಬ ಲೆಕ್ಕ) ಎಲ್ಲ ಅದರಲ್ಲೇ ಇವೆ. ಆ ಕವರೇಜ್ ಯಂತ್ರ ಓದಿಕೊಟ್ಟ ತುಣುಕುಗಳದ್ದಲ್ಲ (ರೀಡ್), ಅವುಗಳೊಳಗಿನ ನಿಗದಿತ ಉದ್ದದ ಚೂರುಗಳದ್ದು (ಕೆ-ಮರ್) ಎಂಬುದನ್ನು ಮಾತ್ರ ಬಹಳ ಜನ ಗಮನಿಸುವುದಿಲ್ಲ.

ಇಷ್ಟೆಲ್ಲ ಇದ್ದರೂ ಅದು ಯಾವ ಜೀವಿಯ ಕಾಂಟಿಗ್ ಎಂಬುದೇ ಹೆಸರಿನಲ್ಲಿಲ್ಲ. ಎಲ್ಲ ಮಾದರಿಗಳನ್ನು ಕೂಡಿಸಿ, ಹೋಲುವ ಅನುಕ್ರಮ ಹುಡುಕುವ ಬ್ಲಾಸ್ಟ್ ತಂತ್ರಾಂಶಕ್ಕೆ ಡೇಟಾಬೇಸ್ ಕಟ್ಟಿದರೆ ‘ನೋಡ್_1’ಗಳ ಸಂತೆಯೇ ನೆರೆಯುತ್ತದೆ. ಊರಿನಲ್ಲಿ ನಾಲ್ವರು ಮಂಜುನಾಥರಿದ್ದರೆ ಮನೆತನದ ಹೆಸರು ಸೇರಿಸಿ ಕರೆಯುತ್ತೇವಲ್ಲ, ಇಲ್ಲಿಯೂ ಅದೇ ದಾರಿ. ಆದರೆ ಹಳೆಯ ಹೆಸರಿನ ಮುಂದೆ ಮಾದರಿಯ ಸಂಕೇತ ಅಂಟಿಸಿದರೆ ಸಾಲದು. ಮೇಲಿನ ಹೆಸರು ಇಂಗ್ಲಿಷಿನಲ್ಲಿ ಆಗಲೇ 35 ಅಕ್ಷರ. ಜೀನ್ ಗುರುತಿಸುವ ಪ್ರೊಕ್ಕಾ 37 ದಾಟಿದರೆ ತಕರಾರು ತೆಗೆದು ನಿಂತುಬಿಡುತ್ತದೆ.

ಹಾಗಾಗಿ ನನ್ನ ಹೆಸರುಗಳು ‘ಎಂ07_ಎ2_0014’ ಎಂಬಂತೆ ಇರುತ್ತವೆ: ಏಳನೆಯ ಮೊಸರಿನ ಮಾದರಿ, ಎರಡನೆಯ ಜೋಡಣೆ, ಹದಿನಾಲ್ಕನೆಯ ಕಾಂಟಿಗ್. ‘ಎ2’ ಇರಲೇಬೇಕು. ಸ್ಪೇಡ್ಸ್ ಉದ್ದದ ಪ್ರಕಾರ ಸಂಖ್ಯೆ ಕೊಡುವುದರಿಂದ, ಸೆಟ್ಟಿಂಗ್ ಬದಲಿಸಿ ಮತ್ತೆ ಓಡಿಸಿದರೆ ನಿನ್ನೆಯ ಹದಿನಾಲ್ಕು ಇಂದು ಹದಿನೇಳಾಗಿರಬಹುದು. ಅಮೆರಿಕದ ಅನುಕ್ರಮ ಭಂಡಾರವಾದ ಎನ್‌ಸಿಬಿಐ ಕೊಡುವ ಪ್ರವೇಶ ಸಂಖ್ಯೆಗಳ ಬಾಲದಲ್ಲಿ ಬರುವ ‘.3’ ಮಾಡುವುದೂ ಇದೇ ಕೆಲಸವನ್ನು; ಅನುಕ್ರಮ ಬದಲಾದಾಗ ಆ ಅಂಕಿ ಏರುತ್ತದೆ.

ಪ್ರಭೇದದ ಹೆಸರನ್ನು ಮಾತ್ರ ನಾನು ಸೇರಿಸುವುದಿಲ್ಲ. 2020ರಲ್ಲಿ ಲ್ಯಾಕ್ಟೊಬ್ಯಾಸಿಲಸ್ ಕುಲವನ್ನು 25 ಕುಲಗಳಾಗಿ ಒಡೆದರು. ಅದರಲ್ಲಿದ್ದ ಪ್ಲಾಂಟಾರಮ್ ಪ್ರಭೇದದ ಕುಲ ಈಗ ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್. ಕಡತದ ತುಂಬ ಹಳೆಯ ಕುಲನಾಮ ಬರೆದುಕೊಂಡವರ ಪಾಡು ಬೇಡ.

ಅನುಕ್ರಮಗಳನ್ನು ಬರೆದಿಡುವ ಫಾಸ್ಟಾ ಕಡತದಲ್ಲಿ ‘>’ ಚಿಹ್ನೆಯಿಂದ ಮೊದಲ ಖಾಲಿ ಜಾಗದವರೆಗಿನದ್ದೇ ಗುರುತು, ಮುಂದಿನದು ವಿವರಣೆ. ಎಷ್ಟೋ ತಂತ್ರಾಂಶಗಳು ವಿವರಣೆಯನ್ನು ಕೈಬಿಡುತ್ತವೆ. ಆದ್ದರಿಂದ ಹಳೆಯ ಹೆಸರನ್ನು ವಿವರಣೆಯಲ್ಲಿ ಇಟ್ಟರೂ ಅದನ್ನೇ ನಂಬುವುದಿಲ್ಲ. ಹಳೆಯದು, ಹೊಸದು, ಉದ್ದ, ಎಂಡಿ5 ಮೊತ್ತ (ಅನುಕ್ರಮದ ಬೆರಳಚ್ಚಿನಂಥ ಸಂಕೇತ) ಇರುವ ಪಟ್ಟಿಯೊಂದು ಪ್ರತ್ಯೇಕವಾಗಿರುತ್ತದೆ. ಮೂಲ ಕಡತವನ್ನು ಮುಟ್ಟುವುದೇ ಇಲ್ಲ, ಏಕೆಂದರೆ ಜೋಡಣೆಯ ಗ್ರಾಫ್‌ನಲ್ಲಿ, ಅಂದರೆ ತುಣುಕುಗಳ ಕೊಂಡಿಗಳ ಜಾಲದಲ್ಲಿ, ಕಾಂಟಿಗ್ ಹಾಯುವ ದಾರಿ ಹೇಳುವ ಕಡತಕ್ಕೆ ಗೊತ್ತಿರುವುದು ಹಳೆಯ ಹೆಸರುಗಳೇ.

ಮರುನಾಮಕರಣಕ್ಕೆ ಸೆಕ್‌ಕಿಟ್ ತಂತ್ರಾಂಶದ ಒಂದು ಸಾಲಿನ ಆದೇಶ ಸಾಕು. ಆಮೇಲೆ ‘>’ ಸಾಲುಗಳನ್ನು ಎಣಿಸಿ, ಪುನರಾವರ್ತನೆಯಿಲ್ಲದ ಗುರುತುಗಳನ್ನೂ ಎಣಿಸುತ್ತೇನೆ. ಎರಡೂ ಸಂಖ್ಯೆ ಹೊಂದಿದ ಮೇಲೆಯೇ ಕಡತ ಪ್ರೊಕ್ಕಾಗೆ ಹೋಗುತ್ತದೆ.