ಪರದೆ ಹೇಳುವ ಮೈಲೇಜ್, ಟ್ಯಾಂಕ್ ಹೇಳುವ ಮೈಲೇಜ್

'ಗಾಡಿ ಎಷ್ಟು ಎವರೇಜ್ ಕೊಡ್ತದ್ರೀ?' ಎಂದು ಯಾರಾದರೂ ಕೇಳಿದರೆ ನಾವು ಹೇಳುವುದು ಹೆಚ್ಚಾಗಿ ಮೀಟರ್ ಪಕ್ಕದ ಪರದೆಯಲ್ಲಿ ಕಂಡ ಅಂಕಿಯನ್ನೇ. ಪರದೆ ಲೀಟರಿಗೆ 17 ಕಿ.ಮೀ. ಅನ್ನುತ್ತದೆ. ಪೆಟ್ರೋಲ್ ಹಾಕಿಸಿದ ರಸೀದಿ ಹಿಡಿದು ಲೆಕ್ಕ ಹಾಕಿದರೆ 16 ಕೂಡ ಬರುವುದಿಲ್ಲ. ಆಗ ಕೆಲವರಿಗೆ ಪಂಪ್‌ನವರ ಮೇಲೆ ಸಿಟ್ಟು ಬರುತ್ತದೆ. ಇನ್ನು ಕೆಲವರು ಗಾಡಿಯನ್ನು ಸೀದಾ ಗ್ಯಾರೇಜಿಗೆ ಬಿಡುತ್ತಾರೆ. ಅದಕ್ಕೂ ಮೊದಲು ನೀವೇ ಮಾಡಬಹುದಾದ ಪರೀಕ್ಷೆ ಒಂದಿದೆ. ಒಂದು ಡೈರಿ, ಎರಡು ಫುಲ್ ಟ್ಯಾಂಕ್ ಇದ್ದರೆ ಸಾಕು.

ಈ ಅಂಕಿ ಎಲ್ಲಿಂದ ಬರುತ್ತದೆ?

ಟ್ಯಾಂಕ್‌ನಲ್ಲಿ ಪೆಟ್ರೋಲ್ ಎಷ್ಟು ಇಳಿಯಿತು ಎಂದು ನೋಡಿ ಕಾರು ಮೈಲೇಜ್ ಹೇಳುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗಲ್ಲ. ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳು ಪ್ರತಿ ಸಲ ಎಷ್ಟು ಮಿಲಿಸೆಕೆಂಡ್ ತೆರೆದಿದ್ದವು ಎಂಬ ಲೆಕ್ಕ ಎಂಜಿನ್ ಕಂಪ್ಯೂಟರ್ ಬಳಿ ಇರುತ್ತದೆ. ಇಷ್ಟು ಹೊತ್ತು ತೆರೆದರೆ ಇಷ್ಟು ಪೆಟ್ರೋಲ್ ಹೋಗಿರಬೇಕು ಎಂಬ ಅಂಕಿಯನ್ನು ಕಾರ್ಖಾನೆಯಲ್ಲೇ ತುಂಬಿಸಿರುತ್ತಾರೆ. ಎರಡನ್ನೂ ಗುಣಿಸಿದರೆ ಖರ್ಚಾದ ಪೆಟ್ರೋಲ್. ದೂರದ ಲೆಕ್ಕ ಚಕ್ರ ಅಥವಾ ಗೇರ್‌ಬಾಕ್ಸ್‌ನ ಸೆನ್ಸರ್‌ನಿಂದ ಸಿಗುತ್ತದೆ. ಅಂದರೆ ಪೆಟ್ರೋಲನ್ನು ಎಲ್ಲೂ ನೇರವಾಗಿ ಅಳೆಯುವುದಿಲ್ಲ. ಹಾಗಾಗಿ ಶೇ 5ರ ಆಸುಪಾಸಿನ ವ್ಯತ್ಯಾಸ ಮಾಮೂಲು. ಸಾಮಾನ್ಯವಾಗಿ ಪರದೆಯೇ ಜಾಸ್ತಿ ತೋರಿಸುತ್ತದೆ.

ವ್ಯತ್ಯಾಸ ಇದೆ ಎಂಬುದು ಚಿಂತೆಯ ವಿಷಯವಲ್ಲ. ಇದ್ದ ವ್ಯತ್ಯಾಸ ಬದಲಾದರೆ ಮಾತ್ರ ಎಚ್ಚರವಾಗಬೇಕು. ಅದನ್ನು ಹಿಡಿಯಬೇಕಾದರೆ ನಿಮ್ಮ ಗಾಡಿಯ ವ್ಯತ್ಯಾಸ ಎಷ್ಟೆಂದು ನಿಮಗೆ ಮೊದಲೇ ಗೊತ್ತಿರಬೇಕು, ಅಲ್ವಾ?

ಮೊದಲು: ಯಾವ ಅಂಕಿ ನೋಡುತ್ತಿದ್ದೀರಿ?

ಈ ಕ್ಷಣದ ಮೈಲೇಜ್ ಬೇರೆ, ಸರಾಸರಿ ಬೇರೆ. ಸರಾಸರಿಯನ್ನು ವರ್ಷದಿಂದ ಸೊನ್ನೆ ಮಾಡದಿದ್ದರೆ ಅದರಲ್ಲಿ ಕಳೆದ ಬೇಸಿಗೆಯ ಗೋವಾ ಪ್ರವಾಸವೂ ಸೇರಿರುತ್ತದೆ. ಕೆಲವು ಕಾರುಗಳಲ್ಲಿ ಸರಾಸರಿಯು ಓಡಿದ ದೂರ ತೋರಿಸುವ 'ಟ್ರಿಪ್ ಎ' ಮೀಟರ್ ಜೊತೆ ಸೊನ್ನೆಯಾಗುತ್ತದೆ. ಇನ್ನು ಕೆಲವು ಪೆಟ್ರೋಲ್ ಹಾಕಿಸಿದ ಕೂಡಲೇ ತಾವೇ ಸೊನ್ನೆಗೆ ಬರುತ್ತವೆ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇದು ಬರೆದಿರುತ್ತದೆ. ಪರದೆಯಲ್ಲಿ 6.0ರಂಥ ಸಣ್ಣ ಅಂಕಿ ಕಂಡರೆ ಗಾಬರಿ ಬೇಡ. ಅದು 100 ಕಿ.ಮೀ.ಗೆ ಎಷ್ಟು ಲೀಟರ್ ಎಂಬ ಲೆಕ್ಕ. 100ನ್ನು ಅದರಿಂದ ಭಾಗಿಸಿ, 16.7 ಕಿ.ಮೀ. ಸಿಗುತ್ತದೆ. 'ಇನ್ನೆಷ್ಟು ದೂರ ಓಡುತ್ತದೆ' ಎಂಬ ಅಂಕಿಯನ್ನು ಈ ಪರೀಕ್ಷೆಗೆ ತರಬೇಡಿ. ಅದು ಟ್ಯಾಂಕ್‌ನ ತೇಲುವ ಗುಂಡನ್ನೂ ಇತ್ತೀಚಿನ ಸರಾಸರಿಯನ್ನೂ ನೋಡಿ ಹೇಳುವ ಮಾತು. ಗಾಡಿ ಇಳಿಜಾರಲ್ಲಿ ನಿಂತರೂ ಬದಲಾಗಬಹುದು.

ಎರಡನೆಯದು: ಫುಲ್‌ನಿಂದ ಫುಲ್

ಬೆಳಿಗ್ಗೆ ಪಂಪ್‌ಗೆ ಹೋಗಿ ನಳಿಕೆ ತಾನಾಗಿ ಕಟ್ ಆಗುವವರೆಗೆ ಹಾಕಿಸಿ. ಮೊದಲ ಕಟ್‌ಗೇ ನಿಲ್ಲಿಸಿ. ಕುತ್ತಿಗೆವರೆಗೆ ತುಂಬಿಸಿದರೆ ಪೆಟ್ರೋಲ್ ಆವಿ ಹಿಡಿಯುವ ಕ್ಯಾನಿಸ್ಟರ್ ಹಾಳಾಗುತ್ತದೆ, ಲೆಕ್ಕವೂ ಕೆಡುತ್ತದೆ. ಟ್ರಿಪ್ ಮತ್ತು ಸರಾಸರಿ ಎರಡನ್ನೂ ಅಲ್ಲೇ ಸೊನ್ನೆ ಮಾಡಿ. ಟ್ಯಾಂಕ್ ಮುಕ್ಕಾಲು ಖಾಲಿಯಾಗುವವರೆಗೆ ಎಂದಿನಂತೆ ಓಡಿಸಿ. ಮತ್ತೆ ಅದೇ ಪಂಪ್, ಸಾಧ್ಯವಾದರೆ ಅದೇ ಮಷಿನ್, ಮತ್ತೆ ಮೊದಲ ಕಟ್. ನಳಿಕೆ ಇಡುವ ಮುಂಚೆಯೇ ಪರದೆಯ ಅಂಕಿ ಬರೆದುಕೊಳ್ಳಿ.

ನಮ್ಮಲ್ಲಿ 500 ರೂಪಾಯಿ, 1,000 ರೂಪಾಯಿ ಎಂದು ಹಾಕಿಸುವವರೇ ಜಾಸ್ತಿ. ಅದರಿಂದ ತೊಂದರೆಯಿಲ್ಲ. ಶುರು ಮತ್ತು ಕೊನೆ ಫುಲ್ ಟ್ಯಾಂಕ್ ಆಗಿರಲಿ. ನಡುವಿನ ರಸೀದಿಗಳಲ್ಲಿರುವ ಲೀಟರನ್ನೆಲ್ಲ ಕೊನೆಯ ಸಲ ಹಿಡಿದ ಲೀಟರಿಗೆ ಕೂಡಿಸಿ. ಪೆಟ್ರೋಲ್ ಜಾಸ್ತಿ ಇದ್ದಷ್ಟೂ ಲೆಕ್ಕ ಗಟ್ಟಿ. ಕಟ್ ಆಗುವುದರಲ್ಲಿ ಒಂದು ಲೀಟರ್ ಹೆಚ್ಚುಕಡಿಮೆಯಾದರೆ 10 ಲೀಟರಿನಲ್ಲಿ ಅದು ಶೇ 10ರ ತಪ್ಪು. 30 ಲೀಟರಿನಲ್ಲಿ ಶೇ 3 ಮಾತ್ರ.

ಪಂಪ್‌ನ ಅಳತೆ ಬಗ್ಗೆಯೇ ಅನುಮಾನವಿದ್ದರೆ ಅಲ್ಲಿರುವ 5 ಲೀಟರ್ ಅಳತೆಪಾತ್ರೆಯಲ್ಲಿ ಹಾಕಿ ತೋರಿಸಲು ಕೇಳಿ. ಕೇಳುವುದು ಗ್ರಾಹಕರ ಹಕ್ಕು, ಸಂಕೋಚ ಬೇಡ.

ದಾರಿಯ ಮಾತು

ಹುಬ್ಬಳ್ಳಿಗಿಂತ ಧಾರವಾಡ ಎತ್ತರದಲ್ಲಿದೆ. ಉಣಕಲ್, ನವನಗರ ದಾಟಿ ಧಾರವಾಡಕ್ಕೆ ಹೋಗುವಾಗ ಗಾಡಿ ಒಟ್ಟಾರೆ ಏರುತ್ತದೆ, ಬರುವಾಗ ಇಳಿಯುತ್ತದೆ. 20 ಕಿ.ಮೀ.ಯ ದಾರಿಯಲ್ಲಿ ಈ ಏರಿಳಿತ ಮೈಲೇಜಿನಲ್ಲಿ ಕಾಣುವಷ್ಟಿದೆ. ಬರೀ ಹೋಗುವಾಗಿನ ಅಂಕಿ ನೋಡಿ 'ಗಾಡಿ ಕೆಟ್ಟಿದೆ' ಎನ್ನುವುದು, ಬರೀ ಬರುವಾಗಿನದು ನೋಡಿ ಹಿಗ್ಗುವುದು ಎರಡೂ ತಪ್ಪು. ಹೋಗಿಬರುವ ಎರಡೂ ದಾರಿ ಲೆಕ್ಕದಲ್ಲಿರಲಿ. ಗದಗಿನ ರಸ್ತೆಯಲ್ಲಿ ಇದೇ ಕೆಲಸ ಗಾಳಿ ಮಾಡುತ್ತದೆ. ಮಳೆಗಾಲದಲ್ಲಿ ಪಡುವಣದ ಗಾಳಿ ಜೋರು. ಅಣ್ಣಿಗೇರಿ ಕಡೆ ಹೋಗುವಾಗ ಅದು ಬೆನ್ನಿಗೆ, ವಾಪಸ್ ಬರುವಾಗ ಎದೆಗೆ. ಹುಬ್ಬಳ್ಳಿಯ ಹೊಸೂರು, ಚನ್ನಮ್ಮ ಸರ್ಕಲ್ ಸಿಗ್ನಲ್‌ಗಳಲ್ಲಿ ಎಸಿ ಹಾಕಿಕೊಂಡು ನಿಂತಾಗ ಕಿಲೋಮೀಟರ್ ಸೊನ್ನೆ, ಪೆಟ್ರೋಲ್ ಮಾತ್ರ ಹೋಗುತ್ತಲೇ ಇರುತ್ತದೆ. ಊರೊಳಗಿನ ಮೈಲೇಜನ್ನು ಹಾವೇರಿ ಹೆದ್ದಾರಿಯ ಮೈಲೇಜಿಗೆ ಹೋಲಿಸಬೇಡಿ.

ಲೆಕ್ಕ

450 ಕಿ.ಮೀ. ಓಡಿ 30 ಲೀಟರ್ ಹಿಡಿಯಿತು ಅನ್ನಿ. ನಿಜವಾದ ಮೈಲೇಜ್ 15. ಪರದೆ 16.2 ತೋರಿಸಿತ್ತು. 15ನ್ನು 16.2ರಿಂದ ಭಾಗಿಸಿದರೆ 0.926. ಇದೇ ನಿಮ್ಮ ಗಾಡಿಯ ಗುಣಕ. ಮುಂದೆ ಪರದೆ 18 ಅಂದರೆ ಅದನ್ನು 0.926ರಿಂದ ಗುಣಿಸಿ, 16.7 ಎಂದು ತಿಳಿಯಿರಿ. ಇನ್ನೊಂದೆರಡು ಟ್ಯಾಂಕ್ ಇದೇ ರೀತಿ ನೋಡಿ. ಗುಣಕ ಹೆಚ್ಚುಕಡಿಮೆ ಅಷ್ಟೇ ಬಂದರೆ ನಿಮ್ಮ ಪರದೆ ನಂಬಿಕೆಗೆ ಯೋಗ್ಯ.

ಇಲ್ಲಿ ಬಹಳ ಜನ ತಪ್ಪುವ ವಿಷಯ ಟೈರ್. ಟೈರ್ ಸೈಜ್ ಬದಲಿಸಿದರೆ ದೂರದ ಲೆಕ್ಕ ತಪ್ಪುತ್ತದೆ ನಿಜ. 185/65 ಆರ್15 ಬದಲು 195/65 ಆರ್15 ಹಾಕಿದರೆ ಚಕ್ರ ಸುಮಾರು ಶೇ 2ರಷ್ಟು ದೊಡ್ಡದಾಗುತ್ತದೆ, ಮೀಟರ್ 100 ಅಂದಾಗ ನೀವು 102 ಕಿ.ಮೀ. ಹೋಗಿರುತ್ತೀರಿ. ಸವೆದ ಟೈರ್‌ನಲ್ಲಿ ಇದು ತಿರುಗುಮುರುಗು. ಆದರೆ ಪರದೆ, ನಿಮ್ಮ ಡೈರಿ ಎರಡೂ ದೂರಕ್ಕೆ ನಂಬುವುದು ಅದೇ ಸೆನ್ಸರನ್ನು. ಹಾಗಾಗಿ ಎರಡೂ ಸಮನಾಗಿ ತಪ್ಪುತ್ತವೆ, ನಡುವಿನ ಅಂತರ ಬದಲಾಗುವುದಿಲ್ಲ. ಟೈರ್ ಪರೀಕ್ಷಿಸಬೇಕಾದರೆ ಮೊಬೈಲಿನ ಜಿಪಿಎಸ್ ಹಾಕಿಕೊಂಡು ನೇರ ಹೆದ್ದಾರಿಯಲ್ಲಿ 20–30 ಕಿ.ಮೀ. ಓಡಿಸಿ ಮೀಟರ್ ಜೊತೆ ತಾಳೆ ನೋಡಿ.

ಅಂತರ ಬದಲಾದಾಗ

ಪರದೆ ಮೊದಲಿನಂತೆಯೇ ಇದೆ ಅಥವಾ ಏರಿದೆ, ಟ್ಯಾಂಕ್ ಲೆಕ್ಕ ಮಾತ್ರ ಇಳಿದಿದೆ ಅನ್ನಿ. ಆಗ ಕಂಪ್ಯೂಟರಿಗೆ ಗೊತ್ತಾಗದಂತೆ ಪೆಟ್ರೋಲ್ ಹೋಗುತ್ತಿದೆ. ಪೈಪ್ ಸೋರುತ್ತಿರಬಹುದು, ಇಂಜೆಕ್ಟರ್ ತೊಟ್ಟಿಕ್ಕುತ್ತಿರಬಹುದು. ಪೆಟ್ರೋಲ್ ವಾಸನೆ ಬಂದರೆ ತಡ ಮಾಡಬೇಡಿ, ಅದು ಬೆಂಕಿಯ ಅಪಾಯ.

ಪರದೆ ಇಳಿದಿದೆ, ಟ್ಯಾಂಕ್ ಲೆಕ್ಕ ಅಷ್ಟು ಇಳಿದಿಲ್ಲ. ಇಂಜೆಕ್ಟರ್‌ನಲ್ಲಿ ಕಸ ಕಟ್ಟಿರಬಹುದು, ಇಲ್ಲವೇ ಟ್ಯಾಂಕ್‌ನಿಂದ ಎಂಜಿನ್‌ಗೆ ಪೆಟ್ರೋಲ್ ತಳ್ಳುವ ಪಂಪಿನ ಒತ್ತಡ ಕಡಿಮೆಯಾಗಿರಬಹುದು. ಕಡಿಮೆ ಬಿದ್ದ ಪೆಟ್ರೋಲನ್ನು ಸರಿದೂಗಿಸಲು ಕಂಪ್ಯೂಟರ್ ಇಂಜೆಕ್ಟರನ್ನು ಹೆಚ್ಚು ಹೊತ್ತು ತೆರೆಯುತ್ತದೆ, ಖರ್ಚು ಜಾಸ್ತಿ ಎಂದು ಲೆಕ್ಕ ಬರೆಯುತ್ತದೆ.

ಎರಡೂ ಒಟ್ಟಿಗೆ ಇಳಿದರೆ ಪರದೆ ಸರಿಯಾಗಿದೆ, ಗಾಡಿಯೇ ಹೆಚ್ಚು ಕುಡಿಯುತ್ತಿದೆ. ಟೈರ್ ಗಾಳಿ ನೋಡಿ. ಓಡಿಸಿ ನಿಲ್ಲಿಸಿದ ಮೇಲೆ ಒಂದು ಚಕ್ರ ಮಾತ್ರ ವಿಪರೀತ ಬಿಸಿಯಿದ್ದರೆ ಬ್ರೇಕ್ ಹಿಡಿದಿದೆ. ಎಂಜಿನ್ ಬಿಸಿಯಾಗಲು ಬಹಳ ಹೊತ್ತು ಹಿಡಿದರೆ ಥರ್ಮೋಸ್ಟಾಟ್ ನೋಡಿಸಿ. ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲಿನ ಪರಿಣಾಮವೂ ಎರಡರಲ್ಲೂ ಕಾಣುತ್ತದೆ. ಇ10ಕ್ಕೆ ಹೊಂದಿಸಿದ ಹಳೆಯ ಕಾರುಗಳಲ್ಲಿ ಶೇ 6–7, ಇ20ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ 1–2 ಮೈಲೇಜ್ ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿ ಅಂದಾಜು ಮಾಡಿತ್ತು.

ಬಿಎಸ್6 ಡೀಸೆಲ್ ಗಾಡಿಯಲ್ಲಿ ಹೊಗೆಯ ಫಿಲ್ಟರ್ ತನ್ನ ಮಸಿ ಸುಡುವಾಗ ಸರಾಸರಿ ಕುಸಿಯುವುದು ಸಹಜ. ಹೊರಗಿನಿಂದ ಸಿಎನ್‌ಜಿ ಕಿಟ್ ಹಾಕಿಸಿದ್ದರೆ ಪರದೆಯನ್ನು ನಂಬಲೇಬೇಡಿ. ಅನಿಲದಲ್ಲಿ ಓಡುವಾಗಲೂ ಅದು ಪೆಟ್ರೋಲ್ ಲೆಕ್ಕವನ್ನೇ ಹಾಕುತ್ತಿರಬಹುದು.

ಗ್ಯಾರೇಜಿಗೆ ಹೋಗುವಾಗ ಡೈರಿ ಜೊತೆಗಿರಲಿ. ಸ್ಕ್ಯಾನರ್ ಹಾಕಿ 'ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್' ನೋಡಲು ಹೇಳಿ. ಕಂಪ್ಯೂಟರ್ ಪೆಟ್ರೋಲನ್ನು ಮೂಲ ಲೆಕ್ಕಕ್ಕಿಂತ ಶೇಕಡಾ ಎಷ್ಟು ಹೆಚ್ಚು ಅಥವಾ ಕಡಿಮೆ ಕೊಡುತ್ತಾ ಬಂದಿದೆ ಎಂಬ ಅಂಕಿ ಅದು. ಸೊನ್ನೆಯಿಂದ ಶೇ 10ಕ್ಕಿಂತ ಜಾಸ್ತಿ ಮೇಲೆ ಅಥವಾ ಕೆಳಗೆ ಇದ್ದರೆ ಕಾರಣ ಹುಡುಕಬೇಕು. ಕೆಲವು ಕಾರುಗಳಲ್ಲಿ ಪರದೆಯ ಲೆಕ್ಕವನ್ನು ಸ್ಕ್ಯಾನರ್‌ನಿಂದಲೇ ತಿದ್ದಬಹುದು. ನಿಮ್ಮ ಗಾಡಿಗೆ ಆ ಸೌಲಭ್ಯವಿದ್ದರೆ ದೋಷ ಯಾವುದೂ ಇಲ್ಲ ಎಂದು ಖಾತ್ರಿಯಾದ ಮೇಲಷ್ಟೇ, ಡೈರಿಯ ಗುಣಕ ತೋರಿಸಿ ತಿದ್ದಿಸಿ.