ಮೌಸ್ ಕೈಬದಲಾಗಲಿ: ಶಾಲೆಯಲ್ಲಿ ಫೋಲ್ಡಿಟ್ ಆಡಿಸುವುದು ಹೇಗೆ?

ಗೌರಿಬಿದನೂರು, ಚಿಂತಾಮಣಿ ಕಡೆಯ ಪ್ರೌಢಶಾಲೆಗಳಲ್ಲಿ ವಿಜ್ಞಾನದ ಆನ್‌ಲೈನ್ ಆಟ ಆಡಿಸುವುದನ್ನು ನೋಡಿದ್ದೇನೆ. ಹೆಚ್ಚಿನ ಕಡೆ ಒಂದೇ ಕಥೆ. ಚುರುಕಾದ ಹುಡುಗನೊಬ್ಬ ಮೌಸ್ ಹಿಡಿಯುತ್ತಾನೆ, ಉಳಿದವರು ಅವನ ಬೆನ್ನ ಹಿಂದೆ ನಿಂತು ನೋಡುತ್ತಾರೆ. ಜಾಸ್ತಿ ಅಂಕ ತೆಗೆದವರಿಗೆ ಒಂದು ಪೆನ್ನು. ಇಷ್ಟಕ್ಕೆ ಕ್ರಿಕೆಟ್ಟೇ ಆಡಿಸಬಹುದಿತ್ತು, ಅಲ್ವಾ?

ನನ್ನ ಆಯ್ಕೆ ಫೋಲ್ಡಿಟ್. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2008ರಲ್ಲಿ ಹೊರತಂದ ಉಚಿತ ಆಟ. ಪ್ರೋಟೀನಿನ ಸರಪಳಿಯನ್ನು ಸರಿಯಾಗಿ ಮಡಚಬೇಕು, ಅಷ್ಟೇ. ಕೋತಿಗಳಿಗೆ ಏಡ್ಸ್‌ನಂಥ ಕಾಯಿಲೆ ತರುವ ವೈರಸ್ಸಿನ ಒಂದು ಕಿಣ್ವದ (ಅದೂ ಪ್ರೋಟೀನೇ) ರಚನೆ ವಿಜ್ಞಾನಿಗಳಿಗೆ ಹತ್ತು ವರ್ಷ ಮೀರಿದರೂ ಸಿಕ್ಕಿರಲಿಲ್ಲ. ಈ ಆಟಗಾರರು ಮೂರು ವಾರದೊಳಗೆ ಒಳ್ಳೆಯ ಮಾದರಿ ಕೊಟ್ಟರು. 2011ರಲ್ಲಿ ಅದು ಸಂಶೋಧನಾ ಪ್ರಬಂಧವಾಗಿ ಬಂತು. ಒಬ್ಬರು ಮಡಚಿದ್ದನ್ನು ಇನ್ನೊಬ್ಬರು ತಿದ್ದಿದರು, ಅದನ್ನು ಮತ್ತೊಬ್ಬರು ತಿದ್ದಿದರು. ಶಾಲೆಯಲ್ಲೂ ಆಡಿಸಬೇಕಾದ ರೀತಿ ಇದೇ.

ಮೊದಲ ಕೆಲಸ, ಹಿಂದಿನ ದಿನವೇ ಆಟವನ್ನು ಎಲ್ಲ ಕಂಪ್ಯೂಟರಿಗೂ ಹಾಕಿ, ಒಂದು ಸಲ ತೆರೆದು ನೋಡಿ. ತೆರೆದ ಕೂಡಲೇ ಅಪ್‌ಡೇಟ್ ಕೇಳಿದರೆ ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಅರ್ಧ ತರಗತಿ ಅದಕ್ಕೇ ಹೋಗುತ್ತದೆ. ಆಟದ ಸ್ವಂತ ಜಾಲತಾಣ ಬಿಟ್ಟು ಬೇರೆಲ್ಲೂ ಇಳಿಸಿಕೊಳ್ಳಬೇಡಿ.

ಚಕ್ರವಿರುವ ಮೌಸ್ ಬೇಕೇ ಬೇಕು. ಲ್ಯಾಪ್‌ಟಾಪಿನ ಟಚ್‌ಪ್ಯಾಡಿನಲ್ಲಿ ಪ್ರೋಟೀನ್ ತಿರುಗಿಸಲು ಹೋದರೆ ಮಕ್ಕಳಿಗೆ ವಿಜ್ಞಾನದ ಮೇಲೇ ಸಿಟ್ಟು ಬರುತ್ತದೆ. ಸಂತೆಯಲ್ಲಿ ಸಿಗುವ ಅಗ್ಗದ ವೈರ್‌ಲೆಸ್ ಮೌಸ್ ಬೇಡ, ನಡುವೆ ಕೈಕೊಡುತ್ತದೆ. ತಂತಿಯದ್ದೇ ತನ್ನಿ.

ಆಮೇಲೆ ಆರಂಭದ ಕಲಿಕೆಯ ಒಗಟುಗಳು. ಅವನ್ನು ಮಕ್ಕಳೇ ಮಾಡಿಕೊಳ್ಳುತ್ತಾರೆ, ಸುಮ್ನೆ ಬಿಡಿ. ಬೋರ್ಡಿನ ಮೇಲೆ ಎರಡು ಮಾತು ಬರೆದರೆ ಸಾಕು: ಸರಪಳಿಯಿಂದ ಚಾಚಿದ ಕಿತ್ತಳೆ ಬಣ್ಣದ ಕೊಂಬೆಗೆ ನೀರು ಆಗದು, ಅದು ಒಳಗಿರಬೇಕು, ನೀಲಿಗೆ ನೀರು ಇಷ್ಟ, ಅದು ಹೊರಗಿರಬಹುದು.

ಎಡವುವುದು ಇಲ್ಲಿಂದ ಮುಂದೆ. ಒಂದು ಕಂಪ್ಯೂಟರಿಗೆ ಮೂವರು, ಅದಕ್ಕಿಂತ ಜಾಸ್ತಿ ಬೇಡ. ಒಬ್ಬರ ಕೈಯಲ್ಲಿ ಮೌಸ್. ಇನ್ನೊಬ್ಬರು ಹೇಳುವವರು. ಮೂರನೆಯವರು ನೋಟ್‌ಬುಕ್ಕಿನಲ್ಲಿ ಬರೆಯುವವರು. ಹೇಳುವವರು ಏನು ಮಾಡಬೇಕು, ಯಾಕೆ ಅಂತ ಎರಡನ್ನೂ ಹೇಳದೆ ಮೌಸ್ ಕದಲಬಾರದು. "ಅಲ್ಲಿ ಎಳಿ" ಅಂದರೆ ಸಾಲದು. "ಆ ಕಿತ್ತಳೆ ಕೊಂಬೆ ಹೊರಗಿದೆ ಕಣೋ, ಒಳಕ್ಕೆ ತಿರುಗಿಸು" ಅನ್ನಬೇಕು. ನಮ್ಮ ಕಡೆ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು ಆಡುವವರು. ವಾದ ಬಿಸಿಯಾದಾಗ ತೆಲುಗಿಗೆ ಹೊರಳಿದರೆ ತಡೆಯಬೇಡಿ. ಹತ್ತು ನಿಮಿಷಕ್ಕೊಮ್ಮೆ ಮೂವರ ಕೆಲಸವೂ ಬದಲಾಗಲಿ. ಗಡಿಯಾರ ನಿಮ್ಮ ಕೈಯಲ್ಲೇ ಇರಲಿ. ಅವರಿಗೆ ಬಿಟ್ಟರೆ ಮೌಸ್ ಹಿಡಿದವನು ಬಿಡುವುದಿಲ್ಲ.

ಇನ್ನೊಂದು ತೊಂದರೆ ವಿಗಲ್ ಗುಂಡಿ. ಒತ್ತಿದರೆ ಪ್ರೋಟೀನ್ ತಾನೇ ಅಲುಗಾಡಿ ಅಂಕ ಏರುತ್ತದೆ, ಆಮೇಲೆ ನಿಂತುಬಿಡುತ್ತದೆ. ಮಕ್ಕಳು ಅದನ್ನೇ ಒತ್ತುತ್ತಾ ಕೂರುತ್ತಾರೆ. ಆಗ ನೀವು ಹೇಳಬೇಕಾದ್ದು: ಅಂಕ ಇಳಿದರೂ ಪರವಾಗಿಲ್ಲ, ಒಂದು ಭಾಗ ಬಿಚ್ಚಿ ಬೇರೆ ಥರ ಮಡಚಿ. ಹದಗೆಟ್ಟರೆ ಹಿಂದಿನ ಸ್ಥಿತಿಗೆ ಮರಳಬಹುದು. ಈಗ ಕೆಡಿಸಿ ಮುಂದೆ ಗೆಲ್ಲುವ ಈ ಧೈರ್ಯವೇ ಫೋಲ್ಡಿಟ್ ಆಟಗಾರರ ಬಲ. ತಾನೇ ಆಡಿಬಿಡುವ 'ರೆಸಿಪಿ'ಗಳೂ ಸಿಗುತ್ತವೆ. ಹೊಸಬರಿಗೆ ಅವನ್ನು ತೋರಿಸಲೇಬೇಡಿ.

ಅರ್ಧ ಗಂಟೆ ಆದ ಮೇಲೆ ತಂಡಗಳು ಜಾಗ ಬದಲಿಸಲಿ. ಕಂಪ್ಯೂಟರೂ ನೋಟ್‌ಬುಕ್ಕೂ ಅಲ್ಲೇ ಇರಲಿ. ಹೊಸ ತಂಡ ಮೊದಲು ನೋಟ್‌ಬುಕ್ ಓದಬೇಕು, ಆಮೇಲೆ ಮೌಸ್ ಮುಟ್ಟಬೇಕು. "ಇದೇನು ಬರ್ದಿದ್ದೀರೋ, ಅರ್ಥಾನೇ ಆಗಲ್ಲ" ಅನ್ನುವ ಜಗಳ ಬಂದೇ ಬರುತ್ತದೆ. ಬರಲಿ. ಮುಂದಿನ ಸಲ ಬರವಣಿಗೆ ತಾನಾಗೇ ಸರಿಹೋಗುತ್ತದೆ. ಬಹುಮಾನ ಕೊಡಲೇಬೇಕೆಂದರೆ ಯಾರ ನೋಟ್‌ಬುಕ್ ಬೇರೆಯವರಿಗೆ ಉಪಯೋಗಕ್ಕೆ ಬಂತೋ ಅವರಿಗೆ ಕೊಡಿ.

ಕಂಪ್ಯೂಟರೇ ಇಲ್ಲದ ಕಡೆ ಮೊಬೈಲಿನಲ್ಲಿ ಜೂನಿವರ್ಸ್ ಆಪ್ ಹಾಕಿಕೊಳ್ಳಬಹುದು, ಜನಸಾಮಾನ್ಯರು ಸಂಶೋಧನೆಗೆ ಕೈಜೋಡಿಸುವ ತಾಣ ಅದು. ಇದು ಹುಟ್ಟಿದ್ದು 2007ರ ಗ್ಯಾಲಕ್ಸಿ ಜೂನಿಂದ. ಅಲ್ಲಿ ಜನ ಗ್ಯಾಲಕ್ಸಿಗಳ, ಅಂದರೆ ತಾರಾಗಣಗಳ, ಚಿತ್ರ ನೋಡಿ ಆಕಾರ ಗುರುತಿಸುತ್ತಿದ್ದರು. ಆದರೆ ಇಲ್ಲಿ ನಿಯಮ ತಿರುಗಾಮುರುಗಾ. ಒಂದೇ ಚಿತ್ರವನ್ನು ಹಲವರು ಬೇರೆ ಬೇರೆಯಾಗಿ ನೋಡಿ ಹೇಳಿದ್ದನ್ನು ಕೂಡಿಸಿ ಲೆಕ್ಕ ಹಾಕುತ್ತಾರೆ. ಹಾಗಾಗಿ ಪಕ್ಕದವರ ಉತ್ತರ ಕೇಳದೆ ಎಲ್ಲರೂ ಮೊದಲು ತಮ್ಮ ಉತ್ತರ ಒತ್ತಲಿ. ಚರ್ಚೆ ಆಮೇಲೆ.